ಕೈ ಹಚ್ಚಬಾರದ ಹಾವು

ಭಂಕೂರ
೧೮ ಆಗಸ್ಟ್ ೨೦೨೫, ಶ್ರಾವಣದ ಕಡೆಯ ಸೋಮವಾರ

ಪ್ರೀತಿಯ ಶಿವರಂಜನಿ,

ನಿನ್ನ ಅತ್ತೆ ಸೂಗಮ್ಮನ ಆಶೀರ್ವಾದ. ಹೊಟ್ಟೆಯಲ್ಲಿರುವವರಿಗೆ ಬೇರೆಯಾಗಿ ಇನ್ನೊಂದು. ಕಾಲಿನ ಬಾವು ಇಳಿಯಿತೇ? ಉಪ್ಪು ಕಡಿಮೆ ಮಾಡಿದ್ದೀಯಾ? ಎಡಮಗ್ಗುಲಾಗಿ ಮಲಗುತ್ತೀಯಾ? ಫೋನಿನಲ್ಲಿ ಇದನ್ನೆಲ್ಲ ಕೇಳಿದರೆ “ಎಲ್ಲಾ ಆರಾಮ ಅದರೀ ಅತ್ತಿ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀಯ. ಎಂಟನೇ ತಿಂಗಳ ಬಸುರಿಗೆ ಎಲ್ಲವೂ ಆರಾಮ ಇದ್ದದ್ದನ್ನು ನಾನು ಈ ವಯಸ್ಸಿನವರೆಗೆ ಎಲ್ಲೂ ಕಂಡಿಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಮಾವನವರಿಗೆ ಮೊಣಕಾಲು ನೋವು, ಅದೂ ನಾನು ಕೆಲಸ ಹೇಳಿದಾಗ ಮಾತ್ರ. ನಿನ್ನ ಗಂಡ ವಾಡಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತ ರಜೆ ಕೇಳುತ್ತಲೇ ಇದ್ದಾನೆ, ಸಿಕ್ಕಿಲ್ಲ. ಚಿಮ್ಮನಚೋಡದಿಂದ ನಿನ್ನ ತಂದೆ ಫೋನು ಮಾಡಿದ್ದರು. ಪಾಪ, ತಾಯಿಯಿಲ್ಲದ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆಸಿಕೊಂಡರೆ ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಅವರಿಗೆ. ನಾನು ಬರಲೇ ಎಂದು ಕೇಳಿದಾಗ “ಯಾರೂ ಬ್ಯಾಡ್ರಿ ಅತ್ತಿ, ನಾನೇ ಎಲ್ಲಾ ಮಾಡ್ಕೋತೀನಿ” ಎಂದು ನೀನು ಹೇಳಿಯಾಗಿದೆ. ಬೇಡ ಎಂದವರ ಮನೆಗೆ ಹೋಗುವ ಹೆಂಗಸು ನಾನಲ್ಲ, ಹೆದರಬೇಡ. ಆ ವಿಷಯ ಅಲ್ಲಿಗೇ ಬಿಟ್ಟೆ.

ಈಗ ನಿನ್ನ ಆ ಯಂತ್ರದ ಹಾವಿನ ವಿಷಯ. ಅದರ ಪರೀಕ್ಷೆ ಮುಗಿದಾಗಿನಿಂದ ನೀನು ನಿನ್ನ ಕೈಕೆಳಗಿನ ಅಂಬರೇಶ, ಭಾಗ್ಯಜ್ಯೋತಿ ಇಬ್ಬರ ತಲೆ ತಿನ್ನುತ್ತಿದ್ದೀಯಂತೆ. ಬಿರುಕಿನ ನಡುವೆ ಅದು ನಿಂತದ್ದು ಯಾಕೆ, ತಲೆ ಎತ್ತಿದ್ದು ಯಾಕೆ, ಅಷ್ಟು ಹೊತ್ತು ಯಾರ ದಾರಿ ನೋಡುತ್ತಿತ್ತು, ನಾನಂತೂ ಅದರ ತಲೆಯಲ್ಲಿ ಹಾಗೆ ಬರೆದಿಟ್ಟಿಲ್ಲವಲ್ಲ ಎಂದು. ಅವರಿಬ್ಬರೂ ಊಟ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ನನಗಷ್ಟೇ ಅಲ್ಲ, ಅರ್ಧ ಭಂಕೂರಕ್ಕೆ ಗೊತ್ತು. ಆದರೆ ನಮ್ಮನ್ನು ಯಾರೂ ಕೇಳಿಲ್ಲ.

ಮೊದಲಿನಿಂದ ಹೇಳುತ್ತೇನೆ. ವೈದ್ಯರು ಪ್ರಯಾಣ ಬೇಡ ಎಂದದ್ದಕ್ಕೆ ನೀನು ಹೈದರಾಬಾದಿನಲ್ಲೇ ಉಳಿದು, ವರ್ಷಗಟ್ಟಲೆ ಕುಳಿತು ಮಾಡಿದ ಯಂತ್ರವನ್ನು ಆ ಇಬ್ಬರ ಕೈಯಲ್ಲಿ ನಮ್ಮ ಹಳೆಯ ಖಣಿಗೆ ಕಳಿಸಿದೆ. ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ತೆಗೆದು ಬಿಟ್ಟ ಆ ಗುಂಡಿಯಲ್ಲಿ ಈಗ ಆಡುಗಳೂ ಇಳಿಯುವುದಿಲ್ಲ. ಪದರು ಪದರು ಬಂಡೆ, ನಡುವೆ ಕತ್ತಲೆಯ ಬಿರುಕು, ಮಳೆ ಬಂದರೆ ಸಾಬೂನಿನ ಹಾಗೆ ಜಾರುತ್ತದೆ. ನಿನಗೆ ಅಂಥದ್ದೇ ಬೇಕಾಗಿತ್ತಂತೆ. ಎಲ್ಲಿಗೆ ಕಳಿಸುತ್ತಿ ಇದನ್ನು ಎಂದು ನಿನ್ನ ಮಾವನವರು ಫೋನಿನಲ್ಲಿ ಕೇಳಿದಾಗ, ಶನಿಗೆ ಸುತ್ತು ಹಾಕುವ ಒಂದು ಚಂದ್ರನಿಗೆ ಎಂದು ನೀನು ಹೇಳಿದೆ. ನಾವು ಶರಣರ ಮನೆಯವರು, ಗ್ರಹಗತಿ ನೋಡುವವರಲ್ಲ, ಆದರೂ ಶನಿ ಎಂದ ಕೂಡಲೇ ನನ್ನ ಎದೆ ಝಲ್ಲೆಂದಿತು. ಜನ ಶನಿ ಬೆನ್ನು ಬಿಟ್ಟರೆ ಸಾಕು ಎಂದು ಎಣ್ಣೆ ಸುರಿಯುತ್ತಾರೆ, ನನ್ನ ಸೊಸೆ ತಾನಾಗಿ ಅವನ ಮನೆ ಹುಡುಕಿಕೊಂಡು ಹೋಗುತ್ತಾಳೆ. ಆ ಚಂದ್ರನ ಮೇಲೆಲ್ಲ ಹಿಮದ ಗಡ್ಡೆ, ಅದರ ಬಿರುಕುಗಳಿಂದ ನೀರಿನ ಕಾರಂಜಿ ಹಾರುತ್ತದೆ, ಬಿರುಕಿನ ಒಳಗೆ ಹೇಗಿದೆ ಎಂದು ಇದುವರೆಗೆ ಯಾರೂ ಇಳಿದು ನೋಡಿಲ್ಲ ಎಂದೆ. ಇಲ್ಲಿಂದ ಒಂದು ಮಾತು ಹೋಗಿ ಮುಟ್ಟಲು ತಾಸಿನ ಮೇಲಾಗುತ್ತದೆ, ಉತ್ತರ ಬರಲು ಇನ್ನೂ ಅಷ್ಟೇ. ಆದ್ದರಿಂದ ಅದು ಯಾರನ್ನೂ ಕೇಳದೆ, ನೆಲ ಹೇಗಿದೆಯೋ ಹಾಗೆ ತನ್ನನ್ನು ತಾನೇ ಬದಲಿಸಿಕೊಳ್ಳಬೇಕು. ಭಂಕೂರದಲ್ಲಿ ಪಾಸಾದರೆ ಮುಂದಿನ ಕೆಲಸ, ಇಲ್ಲದಿದ್ದರೆ ಎಲ್ಲಕ್ಕೂ ಬೀಗ, ಎಂದು ಹೇಳುವಾಗ ನಿನ್ನ ದನಿ ಸಣ್ಣದಾಯಿತು. ನಾನು ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡೆ.

ಪೆಟ್ಟಿಗೆ ಬಿಚ್ಚಿದ ದಿನ ಊರೇ ನೆರೆದಿತ್ತು. ನಮ್ಮ ಪಡಸಾಲೆಯಷ್ಟು ಉದ್ದ, ಒರಗುವ ಲೋಡುದಿಂಬಿನಷ್ಟು ದಪ್ಪ, ಮೈತುಂಬ ತಿರುಗುವ ಬಳೆಗಳು. ಪಕ್ಕದ ಮನೆಯ ಇಮಾಮ್‌ಬೀ ನೋಡಿದವಳೇ “ಪಂಚಮಿ ಮುಗದು ಹೋಗ್ಯದ, ಈಗ ಬಂದದ ನೋಡ್ರಿ ಇದು. ಹಾಲ್ ಸಿಗಂಗಿಲ್ಲ” ಎಂದಳು. ಅದಕ್ಕೆ ನೀವಿಟ್ಟ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಊರವರೆಲ್ಲ ‘ಶಿವರಂಜನಿ ಹಾವು’ ಎಂದೇ ಕರೆಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡ, ಪ್ರೀತಿಯಿಂದಲೇ ಕರೆಯುವುದು. ಭಾಗ್ಯಜ್ಯೋತಿ ಖಣಿಯ ಸುತ್ತ ಹಗ್ಗ ಕಟ್ಟಿ, “ಯಾರೂ ಮುಟ್ಟಬ್ಯಾಡ್ರಿ, ಅದು ತಾನೇ ಕಲೀಬೇಕು” ಎಂದು ಕೈ ಮುಗಿದು ಹೇಳಿದಳು. ಬಿರುಕಿನೊಳಗೆ ಬೆಳಕಿರುವುದಿಲ್ಲ ಎಂದು ಅದರ ಕಣ್ಣುಗಳಿಗೆ ಕರಿಯ ಪಟ್ಟಿ ಸುತ್ತಿದ್ದರು. ಮೈಗೆ ತಾಗಿದ್ದಷ್ಟೇ ಅದಕ್ಕೆ ತಿಳಿಯುವುದು. ಈ ಪಟ್ಟಿಯನ್ನು ನೆನಪಿಟ್ಟುಕೋ, ಇದರಿಂದಲೇ ಮುಂದಿನ ಫಜೀತಿ.

ಇನ್ನೊಂದು ಕಾರಣ ನನ್ನ ಅಡುಗೆ. ಪರಊರಿನ ಮಕ್ಕಳು, ನನ್ನ ಸೊಸೆಯ ಕೈಕೆಳಗಿನವರು, ಅರೆಹೊಟ್ಟೆಯಲ್ಲಿ ಕೆಲಸ ಮಾಡಬಾರದು. ದಿನಾ ಬಿಸಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸೋಮವಾರ ಹೋಳಿಗೆ. ಮೊದಮೊದಲು “ಸಾಕ್ರಿ ಅಮ್ಮಾ” ಎನ್ನುತ್ತಿದ್ದ ಅಂಬರೇಶ ಆಮೇಲೆ ಸುಮ್ಮನೆ ತಟ್ಟೆ ಮುಂದೆ ತರುತ್ತಿದ್ದ. ಉಂಡ ಮೇಲೆ ಇಬ್ಬರಿಗೂ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಅವನು ಕಟ್ಟೆಯ ಮೇಲೆ, ಅವಳು ಒಳಮನೆಯಲ್ಲಿ. ಹಾವು ಒಂಟಿಯಾಗಿ ಖಣಿಯಲ್ಲಿ ಒದ್ದಾಡುತ್ತಿತ್ತು. ಅದು ತಾನೇ ಕಲಿಯಲಿ ಎಂದು ನೀವೇ ಬಿಟ್ಟದ್ದಲ್ಲವೇ?

ಅಂಥ ಒಂದು ಮಧ್ಯಾಹ್ನ ಅದು ಹೇಗಿದೆ ಎಂದು ನೋಡಿ ಬರಲು ಹೋದೆ. ಎರಡು ಬಂಡೆಗಳ ಸಂದಿಯಲ್ಲಿ ನಡು ಸಿಕ್ಕಿಕೊಂಡು, ಬಾಲ ಮೇಲೆ ಬಡಿಯುತ್ತ, ಗುರ್ ಗುರ್ ಎನ್ನುತ್ತಿತ್ತು. ಆಡಿಗೆ ಸೊಪ್ಪು ಕೊಯ್ಯುತ್ತಿದ್ದ ಇಮಾಮ್‌ಬೀ ಮೇಲಿನಿಂದ ನೋಡಿದಳು. “ಅರೆ ಬೇಟಾ, ಸಿಕ್ಕೊಂಡಿ ಏನಪಾ” ಎಂದವಳೇ ಕುಡುಗೋಲು ಎಸೆದು “ಕೈ ಹಚ್ರೋ” ಎಂದು ಕೂಗಿಬಿಟ್ಟಳು. ನಮ್ಮ ಕಲ್ಲಿನ ಖಣಿಗಳ ರಿವಾಜು ನಿನಗೆ ಗೊತ್ತಿರಲಿಕ್ಕಿಲ್ಲ. ಹಾಸುಗಲ್ಲು ಎಬ್ಬಿಸುವಾಗ ಎಲ್ಲಾದರೂ ಸಿಕ್ಕಿಕೊಂಡರೆ, ಯಾರ ಕಾಲಾದರೂ ಕೆಳಗೆ ಸಿಕ್ಕರೆ, ಕೂಗುವುದು ಅದೇ ಮಾತು. ಕೇಳಿದವರು ಯಾರೇ ಆಗಲಿ, ಬಾಯಲ್ಲಿನ ತುತ್ತು ಬಿಟ್ಟು ಬಂದು ಕೈ ಹಚ್ಚಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಆ ಕೂಗು ಕಿವಿಗೆ ಬಿದ್ದ ಮೇಲೆ ಹಗ್ಗ, ಭಾಗ್ಯಜ್ಯೋತಿ, ಮುಟ್ಟಬ್ಯಾಡ್ರಿ, ಯಾವುದೂ ನನ್ನ ತಲೆಯಲ್ಲಿ ಉಳಿಯಲಿಲ್ಲ. ಕೆಳಗಿಳಿದು, ಒಂದು ತೆಳ್ಳನೆಯ ಚಕ್ಕೆ ಕಲ್ಲು ತೆಗೆದು, ಅದರ ಹೊಟ್ಟೆಯ ಕೆಳಗೆ ಒತ್ತು ಕೊಟ್ಟೆ. ಸಿಕ್ಕಿದ ಬಂಡೆಯನ್ನು ನಾವು ಎಬ್ಬಿಸುವುದು ಹಾಗೇ. ಅದು ಒಂದು ಸಲ ಹೊರಳಿ, ಚಕ್ಕೆಯ ಮೇಲೆ ಭಾರ ಹಾಕಿ, ಸರ್ರನೆ ದಾಟಿ ಹೋಯಿತು. ಎಷ್ಟು ಸಂತೋಷವಾಯಿತು ಅಂತೀ! ನಿನ್ನ ಗಂಡ ಸಿದ್ದಲಿಂಗೇಶ ಕೂಸಾಗಿದ್ದಾಗ ಮೊದಲ ಸಲ ಹೊಸ್ತಿಲು ದಾಟಿದಾಗಲೂ ನಾನು ಅಷ್ಟು ಕುಣಿದಿರಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಮರುದಿನದಿಂದ ಇವರಿಬ್ಬರ ಗೊರಕೆ ಶುರುವಾಗುವುದೇ ತಡ, ಅರ್ಧ ಊರು ಖಣಿಯಲ್ಲಿ. ನಿನ್ನ ಮಾವನವರು ಮೊಣಕಾಲು ನೋವು ಮರೆತು ಛತ್ರಿ ಹಿಡಿದು ಮೇಸ್ತ್ರಿಯ ಹಾಗೆ ನಿಲ್ಲುತ್ತಿದ್ದರು. ಗಡಿಕಲ್ಲಿನ ಜಗಳದಿಂದ ನಮ್ಮ ಜೊತೆ ಮಾತು ಬಿಟ್ಟ ದೇವೀಂದ್ರಪ್ಪ ಕೂಡ ಬಂದ. ಕೂಗು ಕೇಳಿದ ಮೇಲೆ ಬರಲೇಬೇಕಲ್ಲ. ಬಂದ, ಕೈ ಹಚ್ಚಿದ, ಆದರೆ ಮಾತಾಡಲಿಲ್ಲ. ನಿನ್ನ ಮಾವನವರೂ ಮಾತಾಡಲಿಲ್ಲ. ಇಬ್ಬರೂ ಹಾವಿನ ಜೊತೆ ಮಾತಾಡುತ್ತಿದ್ದರು. “ಹಾವಪ್ಪಾ, ಆ ಮನಷ್ಯಾಗ ಹೇಳು, ಎಡಕ್ಕ ಸರಿ ಅಂತ” ಎಂದು ಇವರು. “ಹಾವಪ್ಪಾ, ನಂಗ ಎಡ ಬಲ ಕಲಸೋದು ಬ್ಯಾಡ ಅಂತ ಆ ಬಸವಂತರಾಯರಿಗೆ ಹೇಳಿಬಿಡು” ಎಂದು ಅವನು. ನಡುವೆ ಹಾವು ಪಾಪ, ಎರಡು ಮನೆಯ ಜಗಳದಲ್ಲಿ ಸಿಕ್ಕ ಬೀಗರ ಹಾಗೆ, ಯಾವ ಕಡೆ ಹೋಗಲೂ ಹೆದರಿ ನಿಂತಿರುತ್ತಿತ್ತು.

ಇತ್ತ ಅಂಬರೇಶ ನಿದ್ದೆಯಿಂದ ಎದ್ದು ಕಂಪ್ಯೂಟರ್ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. “ಅಮ್ಮಾ, ನಮ್ಮ ಮಷೀನ್ ಮಧ್ಯಾಹ್ನ ಊಟ ಆದಮ್ಯಾಲೆ ಭಾಳ ಚಲೋ ಕಲೀತದ್ರಿ, ಮುಂಜಾನೆ ಅಷ್ಟು ಕಲಿಯಂಗಿಲ್ಲ” ಎಂದು ನನಗೇ ಹೇಳುತ್ತಾನೆ. ಹಾವಿನ ಕಣ್ಣಿಗೆ ಪಟ್ಟಿ ಇತ್ತಲ್ಲ, ನಮ್ಮ ಮುಖವಾಗಲಿ ಕೈಯಾಗಲಿ ಕಂಪ್ಯೂಟರಿನಲ್ಲಿ ಬಿದ್ದಿರಲಿಲ್ಲ. ನಾನು ಇನ್ನೊಂದು ರೊಟ್ಟಿ ಹಾಕಿದೆ. ಬಿಸಿಲಿನ ಕಾವಿಗೂ ಕಲಿಕೆಗೂ ಸಂಬಂಧ ಇರಬಹುದು ಎಂದು ಅವನು ನಿನಗೆ ದೊಡ್ಡ ಗೀಟುಗೀಟಿನ ಚಿತ್ರ ಕಳಿಸಿದ್ದನಲ್ಲ, ನೀನು ಅದನ್ನು ನೋಡಿ ಮೂರು ಪುಟ ಪ್ರಶ್ನೆ ಕೇಳಿದ್ದೆಯಂತೆ. ಅದು ಬಿಸಿಲಲ್ಲ ತಾಯಿ. ಅದು ಇಮಾಮ್‌ಬೀ.

ನಗುತ್ತಿದ್ದರೆ ನಗು, ಆದರೆ ಮುಂದಿನದನ್ನು ಓದು. ಒಂದು ಮುಂಜಾನೆ ನಾನು ಚಹಾ ತೆಗೆದುಕೊಂಡು ಹೋದಾಗ ಭಾಗ್ಯಜ್ಯೋತಿ ಖಣಿಯ ಅಂಚಿನಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಕೆಳಗೆ ಹಾವು ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮೊದಲಿನ ಹಾಗೆ ಒದ್ದಾಡುತ್ತಿರಲಿಲ್ಲ. ಸುಮ್ಮನೆ ತಲೆ ಎತ್ತಿ, ಹಸಿರು ದೀಪ ಮಿಣುಕಿಸುತ್ತ, ಕಾಯುತ್ತಿತ್ತು. “ಇದನ್ನ ನಾವು ಬರದೇ ಇಲ್ರಿ ಅಮ್ಮಾ. ಪ್ರಯತ್ನಾನೇ ಬಿಟ್ಟುಬಿಟ್ಟದ” ಎಂದು ಅವಳು ಅಳುವಂತಾದಳು. ನಾನು ಚಹಾ ಕೆಳಗಿಟ್ಟು ಬಗ್ಗಿ ನೋಡಿದೆ. ಬೇರೆ ಏನನ್ನು ಕಲಿತಿತ್ತೋ ಬಿಟ್ಟಿತ್ತೋ, ಅದು ನಮ್ಮನ್ನು ಕಲಿತುಬಿಟ್ಟಿತ್ತು. ಸಿಕ್ಕಿಕೊಂಡರೆ ನಿಲ್ಲು, ತಲೆ ಎತ್ತು, ಯಾರಾದರೂ ಬರುತ್ತಾರೆ. ಭಂಕೂರದಲ್ಲಿ ಬರುತ್ತಾರೆ. ಆ ಶನಿಯ ಚಂದ್ರನಲ್ಲಿ ಯಾರು ಬರಬೇಕು? ಹಿಮದ ಬಿರುಕಿನಲ್ಲಿ ತಲೆ ಎತ್ತಿಕೊಂಡು, ದೀಪ ಮಿಣುಕಿಸುತ್ತ, ಇಮಾಮ್‌ಬೀ ಬರುತ್ತಾಳೆ ಎಂದು ಅದು ಕಾಯುವುದು ನನ್ನ ಕಣ್ಣಿಗೆ ಕಟ್ಟಿತು. ನಿನ್ನ ಅಷ್ಟು ವರ್ಷದ ದುಡಿಮೆಯನ್ನು ನಾವು ಮುದ್ದು ಮಾಡಿ ಹಾಳು ಮಾಡಿದೆವು ಎನ್ನಿಸಿತು.

ಆ ಮಧ್ಯಾಹ್ನವೇ ಎಲ್ಲರನ್ನೂ ಸೇರಿಸಿ, ಇವತ್ತಿನಿಂದ ಯಾರಾದರೂ ಕೈ ಹಚ್ಚಿದರೆ ನನ್ನ ಮನೆಯ ನೀರು ಕುಡಿಯಬೇಡಿ ಎಂದೆ. ಒಪ್ಪಿದರು. ಆದರೆ ಶಿವರಂಜನಿ, ಆ ಕೆಲವು ದಿನ ಹೇಗೆ ಕಳೆದೆವೋ ನಮಗೇ ಗೊತ್ತು. ಅದು ಸಿಕ್ಕಿಕೊಳ್ಳುತ್ತಿತ್ತು, ತಲೆ ಎತ್ತುತ್ತಿತ್ತು, ನಾವು ಮೇಲೆ ಕೈ ಕಟ್ಟಿ ನಿಲ್ಲುತ್ತಿದ್ದೆವು. ಕೈ ಕಟ್ಟಿ ನಿಲ್ಲುವುದು ನಮ್ಮ ಊರಿಗೆ ಬರುವುದೇ ಇಲ್ಲ. ಇಮಾಮ್‌ಬೀ ಮುಖ ತಿರುಗಿಸಿಕೊಂಡು ಸೊಪ್ಪು ಕೊಯ್ಯುತ್ತ “ನಿಮ್ಮ ಸೊಸಿ ಎದಿ ಕಲ್ಲು ಅದ ನೋಡ್ರಿ” ಎಂದು ನಿನ್ನನ್ನು ಬೈದಳು. ಅವಳು ಕೊಯ್ದದ್ದು ಸೊಪ್ಪಲ್ಲ, ಬರೀ ಮುಳ್ಳು. ಬ್ಯಾಟರಿ ತೀರಿ ದೀಪ ಆರುವವರೆಗೂ ಅದು ಕಾದದ್ದುಂಟು. ಮತ್ತೆ ಚಾರ್ಜು, ಮತ್ತೆ ಅದೇ. ಒಂದೆರಡು ಸಲ ಕಾದು ಬೇಸತ್ತು ತಲೆ ಇಳಿಸಿ ಆಚೀಚೆ ಮೂಸಿದ್ದನ್ನು ನಾನು ನೋಡಿದೆ. ಮೂಸಿ ಮತ್ತೆ ಸುಮ್ಮನಾಯಿತು.

ಪರೀಕ್ಷೆಯ ಹಿಂದಿನ ದಿನ ಮಳೆ ಹೊಡೆದು ಖಣಿಯೆಲ್ಲ ಜಾರುತ್ತಿತ್ತು. ಪರೀಕ್ಷೆಯ ದಿನ ನಿಮ್ಮ ಸಂಸ್ಥೆಯ ದೊಡ್ಡ ಸಾಹೇಬರು ಮೂವರು ಬಂದರು. ಇಳಿಯುವಾಗ ಒಬ್ಬರ ಬೂಟು ಜಾರಿತು ನೋಡು, ಹತ್ತು ಮಂದಿ ಒಮ್ಮೆಲೇ ಕೈ ಹಚ್ಚಿ ಅವರನ್ನು ಎತ್ತಿ ಮೇಲೆ ಕೂಡಿಸಿದರು. ಸಾಹೇಬರನ್ನು ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ. ಹಾವನ್ನು ಬಿರುಕಿಗೆ ಬಿಟ್ಟರು. ಅರ್ಧ ದಾರಿ ಚಂದ ಹೋಯಿತು. ಆಮೇಲೆ ಸಿಕ್ಕಿಕೊಂಡಿತು. ತಲೆ ಎತ್ತಿತು. ಹಸಿರು ದೀಪ.

ಹೆಂಗಸರು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆವು. ಸಾಹೇಬರು ಗಡಿಯಾರ ನೋಡಿದರು, ಒಬ್ಬರು ತಲೆ ಅಲ್ಲಾಡಿಸಿದರು. ಅಂಬರೇಶನ ಮುಖದಲ್ಲಿ ರಕ್ತವೇ ಇರಲಿಲ್ಲ. ದೇವೀಂದ್ರಪ್ಪನ ಕಾಲು ತಾನಾಗಿ ಮುಂದೆ ಹೋಯಿತು. ನಿನ್ನ ಮಾವನವರು ಅವನ ಕೈ ಗಟ್ಟಿಯಾಗಿ ಹಿಡಿದು, “ನಿಂದ್ರು ದೇವೀಂದ್ರಾ. ನನ್ನ ಸೊಸಿ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ” ಎಂದರು. ಹಾವಿನ ಮುಖಾಂತರ ಅಲ್ಲ, ನೇರವಾಗಿ ಅವನಿಗೇ. ಅವನೂ ನಿಂತ. ಮುದುಕರಿಬ್ಬರೂ ಕೈ ಕೈ ಹಿಡಿದುಕೊಂಡೇ ಕೆಳಗೆ ನೋಡಿದರು.

ಆಗ ಅದು ತಲೆ ಇಳಿಸಿತು. ಆಚೀಚೆ ತಡಕಾಡಿತು. ಮಗ್ಗುಲಲ್ಲಿ ಸಡಿಲಾಗಿ ಬಿದ್ದಿದ್ದ ಒಂದು ಚಕ್ಕೆ ಕಲ್ಲು ಮೂತಿಗೆ ತಾಗಿತು. ಅದನ್ನು ನೂಕಿತು. ಜಾರಿತು. ಮತ್ತೆ ನೂಕಿತು. ನೂಕಿ ನೂಕಿ ತನ್ನ ಹೊಟ್ಟೆಯ ಕೆಳಗೇ ತಂದು ಒತ್ತು ಕೊಟ್ಟುಕೊಂಡು, ಒಂದು ಸಲ ಹೊರಳಿ, ಸರ್ರನೆ ದಾಟಿತು. ಯಾರೂ ಬರದಿದ್ದಾಗ ತನಗೆ ತಾನೇ ಕೈ ಹಚ್ಚಿಕೊಂಡಿತು, ಕೈಯೇ ಇಲ್ಲದ್ದು! ಇಮಾಮ್‌ಬೀ ಕೂಗಿದ ಕೂಗು ಶಹಾಬಾದ ಸ್ಟೇಷನ್ನಿಗೆ ಕೇಳಿರಬೇಕು. ಇದನ್ನು ಯಾರು ಕಲಿಸಿದರು ಎಂದು ಸಾಹೇಬರು ಕೇಳಿದರು. “ತಾನೇ ಕಲ್ತದ್ರಿ ಸರ್” ಎಂದ ಅಂಬರೇಶ, ಖರೇ ಹೇಳುವವನ ಧೈರ್ಯದಲ್ಲಿ. ಊರೆಲ್ಲ ನನ್ನ ಮುಖ ನೋಡಿತು. ನಾನು ಸಾಹೇಬರಿಗೆ ಹೋಳಿಗೆ ಬಡಿಸಿದೆ.

ಇದಿಷ್ಟು ನಡೆದದ್ದು. ಸಾಹೇಬರಿಗೆ ಹೇಳಬೇಕಾದರೆ ಹೇಳಿಬಿಡು, ಮುಚ್ಚಿಡು ಎಂದು ನಾನು ಹೇಳುವುದಿಲ್ಲ. ಮತ್ತೆ ಪರೀಕ್ಷೆ ಮಾಡಿ ಎಂದರೆ ಖಣಿ ಇಲ್ಲೇ ಇದೆ, ನಮ್ಮ ಕೈಗಳನ್ನು ಬೇಕಾದರೆ ಹಗ್ಗದಿಂದ ಕಟ್ಟಿ. ಆದರೆ ತಲೆ ಎತ್ತಿ ಕಾಯುವುದನ್ನು ಅಳಿಸಿಬಿಡಬೇಕು ಎಂದು ಭಾಗ್ಯಜ್ಯೋತಿ ಹೇಳುತ್ತಿದ್ದಾಳೆ. ನನ್ನ ಒಂದು ಮಾತು ಕೇಳು, ಪೂರ್ತಿ ಅಳಿಸಬೇಡ. ಸ್ವಲ್ಪ ಹೊತ್ತು ತಲೆ ಎತ್ತಿ ನೋಡಲಿ, ಯಾರೂ ಬರದಿದ್ದರೆ ತಾನೇ ಮಾಡಿಕೊಳ್ಳಲಿ. ಅದರಲ್ಲಿ ಸಣ್ಣತನವೇನೂ ಇಲ್ಲ. ಅಲ್ಲಿ ಯಾರೂ ಇಲ್ಲ ಎಂದು ನಿಮಗೆ ಹೇಗೆ ಗೊತ್ತು? ಇದುವರೆಗೆ ಯಾರೂ ಹೋಗಿ ನೋಡಿಲ್ಲ ಎಂದು ನೀನೇ ಹೇಳಿದ್ದಿ.

ಎಳೆ ಬಿಸಿಲಿಗೆ ಸ್ವಲ್ಪ ಕೂಡು. ಭಾರ ಎತ್ತಬೇಡ. ಮಾವನವರ ಆಶೀರ್ವಾದ, ಇಮಾಮ್‌ಬೀಯ ದುವಾ, ದೇವೀಂದ್ರಪ್ಪನ ನಮಸ್ಕಾರ. ಅವನೀಗ ನಮ್ಮ ಕಟ್ಟೆಯ ಮೇಲೇ ಕುಳಿತು ಗಡಿಕಲ್ಲಿನ ವಿಷಯದಲ್ಲಿ ಇವರ ಜೊತೆ ಮುಖಾಮುಖಿ ಜಗಳಾಡುತ್ತಿದ್ದಾನೆ, ಕಿವಿಗೆ ಎಷ್ಟು ಹಿತವಾಗಿದೆ! ಬಸವಣ್ಣ ನಿನ್ನನ್ನೂ ಒಳಗಿನವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಸೂಗಮ್ಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಅದು ಹಾವನ್ನು ಹೈದರಾಬಾದಿಗೆ ವಾಪಸು ಒಯ್ಯುವ ವ್ಯಾನಿನ ಕುಲುಕಾಟ. ಪತ್ರವನ್ನು ಹಾವಿನ ಪೆಟ್ಟಿಗೆಯಲ್ಲಿ ಇಡಲು ಹೋದರೆ ಪಕ್ಕದ ಸೀಟು ಖಾಲಿ ಕಂಡಿತು. ಕಾಲಿನ ಬಾವಿನಿಂದಾಗಿ ನೀನು ಎದ್ದು ಚಹಾ ಮಾಡಿಕೊಳ್ಳಲೂ ಆಗದೆ ಕುಳಿತದ್ದನ್ನು ಭಾಗ್ಯಜ್ಯೋತಿ ಬಾಯಿ ತಪ್ಪಿ ಹೇಳಿದಳು. ಈಗ ಸೇಡಂ ದಾಟಿದೆವು. ಅಂಬರೇಶ ಈ ಪತ್ರ ಕೊಟ್ಟು ನಿನ್ನ ಮುಂದೆ ನಿಂತಿರುವಾಗ ನಾನು ನಿನ್ನ ಮನೆಯ ಕೆಳಗೆ ರಸ್ತೆಯಲ್ಲಿ, ಖಾರದ ಪುಡಿ, ಜೋಳದ ಹಿಟ್ಟು, ಹಳೆಯ ಮೆತ್ತನೆಯ ಸೀರೆಗಳ ಗಂಟಿನ ಜೊತೆ ಕುಳಿತಿರುತ್ತೇನೆ. ಬೇಡ ಎಂದವರ ಮನೆಗೆ ಹೋಗುವವಳಲ್ಲ ಎಂದೆನಲ್ಲ, ಆ ಮಾತಿಗೆ ತಪ್ಪುವುದಿಲ್ಲ, ನೀನು ಕರೆಯದೆ ಮೇಲೆ ಹತ್ತುವುದಿಲ್ಲ. ಆದರೆ ನೀನು ಕೆಳಗಿಳಿಯಬೇಡ, ಕೂಗಬೇಡ, ಫೋನೂ ಬೇಡ. ಕಿಟಕಿಯ ಹತ್ತಿರ ಬಂದು ಸುಮ್ಮನೆ ತಲೆ ಎತ್ತು. ನಾನು ಆಗಿನಿಂದ ಅಲ್ಲಿಗೇ ನೋಡುತ್ತಿದ್ದೇನೆ.